ಕೇಳಿದ ಕಾಗದ ಅರ್ಧ ನಿಮಿಷದಲ್ಲಿ ಸಿಗಬೇಕು: ಮನೆಯ ಡಿಜಿಟಲ್ ದಾಖಲೆ ಜೋಡಿಸಿಡುವ ಬಗೆ

ತಾತ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಲು ಹೋಗಿದ್ದೆ. ಮರಣ ಪ್ರಮಾಣಪತ್ರ ನನ್ನ ಮೊಬೈಲಿನಲ್ಲೇ ಇತ್ತು. ಅಕ್ಕ ವಾಟ್ಸಾಪಿನಲ್ಲಿ ಕಳಿಸಿದ್ದಳು, ಅದು ಚೆನ್ನಾಗಿ ನೆನಪಿತ್ತು. ಕೌಂಟರ್ ಮುಂದೆ ನಿಂತು ಗ್ಯಾಲರಿ ತಿರುವುತ್ತಾ ಹೋದೆ. ಮದುವೆ ಫೋಟೊ, ಬೆಳಗಿನ ಶುಭಾಶಯದ ಹೂವು, ರೇಷ್ಮೆಗೂಡು ಮಾರಿದ ಚೀಟಿ, ಯಾರದೋ ಗೃಹಪ್ರವೇಶದ ಕರೆಯೋಲೆ. ಬೇಕಾದದ್ದು ಮಾತ್ರ ಇಲ್ಲ. ಹಿಂದೆ ಜನ ಕಾಯುತ್ತಿದ್ದರು, ಪಕ್ಕಕ್ಕೆ ಸರಿದು ನಿಂತೆ. ಅದು ಸಿಗುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು. ನಮ್ಮೂರಿನಿಂದ ಚಿಂತಾಮಣಿಗೆ ಮತ್ತೆ ಬರಬೇಕೆಂದರೆ ಇನ್ನೊಂದು ದಿನದ ಕೆಲಸ ಕೆಟ್ಟ ಹಾಗೆ.

ಬಸ್ಸಿನಲ್ಲಿ ಕೂತು ಯೋಚಿಸಿದಾಗ ಕಾರಣ ಗೊತ್ತಾಯಿತು. ನನ್ನ ಬಾಯಲ್ಲಿ ಇದ್ದ ಮಾತು ‘ತಾತನ ಮರಣ ಪ್ರಮಾಣಪತ್ರ’. ಫೋನಿನಲ್ಲಿ ಆ ಫೈಲಿಗೆ ಇದ್ದ ಹೆಸರು ಬಂದ ತಾರೀಕು ಮತ್ತು ನಾಲ್ಕು ಅಂಕಿ, ಅಷ್ಟೇ. ಇವೆರಡೂ ಎಲ್ಲೂ ಕೂಡುವುದೇ ಇಲ್ಲ. ಆಮೇಲಿನ ಕೆಲವು ತಿಂಗಳಲ್ಲಿ ಮನೆಯ ಎಲ್ಲ ದಾಖಲೆಗಳನ್ನು ಒಂದೇ ಗುರಿ ಇಟ್ಟುಕೊಂಡು ಜೋಡಿಸಿದೆ: ಬೇಕಾದಾಗ ಬಾಯಿಗೆ ಯಾವ ಮಾತು ಬರುತ್ತದೋ ಆ ಮಾತಿನಿಂದಲೇ ಫೈಲು ಸಿಗಬೇಕು. ಕೆಳಗಿರುವುದು ಆ ಕೆಲಸದ ಪೂರ್ತಿ ದಾರಿ. ಮೊದಲ ಸುತ್ತಿಗೆ ಲ್ಯಾಪ್‌ಟಾಪ್ ಇದ್ದರೆ ಸುಲಭ. ಆಮೇಲೆ ಫೋನ್ ಸಾಕು.

ಫೋಲ್ಡರ್ ಮಾಡುವ ಮೊದಲು ಎರಡು ವಾರ ಬರೆದಿಡಿ

ಎಲ್ಲರೂ ಮೊದಲು ಫೋಲ್ಡರ್ ಮಾಡಲು ಕೂರುತ್ತಾರೆ. ನಾನೂ ಹಾಗೇ ಮಾಡಿದ್ದೆ, ನಲವತ್ತು ಫೋಲ್ಡರ್ ಆಯಿತು, ಯಾವುದು ಎಲ್ಲಿದೆ ಅಂತ ನನಗೇ ತಿಳಿಯದೆ ಹೋಯಿತು. ಅದರ ಬದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ, ಯಾರಾದರೂ ಯಾವುದಾದರೂ ಕಾಗದ ಕೇಳಿದಾಗ ಅವರು ಕೇಳಿದ ಮಾತನ್ನು ಹಾಗೇ ಬರೆಯಿರಿ. ನಮ್ಮ ಮನೆಯ ಪಟ್ಟಿ ಹೀಗಿತ್ತು: ‘ಅಮ್ಮನ ಆಧಾರ್ ಕಳಿಸು’, ‘ಬಾವಿ ಹೊಲದ ಪಹಣಿ ಎಲ್ಲಿ’, ‘ಡ್ರಿಪ್ ಹಾಕಿಸಿದ ಬಿಲ್ಲು ಬೇಕಂತೆ’, ‘ಅಪ್ಪನ ಹಿಂದಿನ ಸಲದ ಶುಗರ್ ರಿಪೋರ್ಟ್’, ‘ಪಂಪಿನ ವಾರಂಟಿ ಮುಗಿದಿದೆಯಾ’.

ಇವನ್ನು ಒಟ್ಟಿಗೆ ಓದಿ ನೋಡಿ. ಪ್ರತಿ ಸಲವೂ ಜನ ಎರಡು ಮೂರು ವಿಷಯ ಹೇಳುತ್ತಾರೆ: ಏನು, ಯಾರದು ಅಥವಾ ಯಾವುದರದು, ಕೆಲವು ಸಲ ಯಾವಾಗಿನದು. ಯಾರೂ ‘ಹಣಕಾಸು ವಿಭಾಗದಲ್ಲಿರುವ ಕಾಗದ’ ಅಂತ ಕೇಳುವುದಿಲ್ಲ, ಅಲ್ವಾ? ಫೈಲಿನ ಹೆಸರಿಗೆ ಬೇಕಾದದ್ದು ಆ ಎರಡು ಮೂರು ಮಾತುಗಳೇ.

ಜಗಲಿ ಮತ್ತು ಅಟ್ಟ

ಈಗ ಎಲ್ಲವನ್ನೂ ಒಂದೇ ಕಡೆ ಸೇರಿಸಿ. ದಾಖಲೆಗಳು ಅಡಗಿರುವ ಜಾಗಗಳು ಸಾಮಾನ್ಯವಾಗಿ ಇಷ್ಟು: ವಾಟ್ಸಾಪ್, ಫೋನಿನ ಡೌನ್‌ಲೋಡ್ ಫೋಲ್ಡರ್, ಇಮೇಲ್, ಹಳೆ ಫೋನ್, ಪೆನ್‌ಡ್ರೈವ್. ಸೈಬರ್ ಸೆಂಟರಿನವರ ಕಂಪ್ಯೂಟರನ್ನೂ ಮರೆಯಬೇಡಿ. ಅಲ್ಲಿ ಸ್ಕ್ಯಾನ್ ಮಾಡಿಸಿದ್ದರೆ ನಿಮ್ಮ ಪ್ರತಿ ತೆಗೆದುಕೊಂಡು, ಅವರ ಕಡೆಯದನ್ನು ಅಳಿಸಲು ಹೇಳಿ.

ಗೂಗಲ್ ಡ್ರೈವ್ ಆಗಲಿ ಲ್ಯಾಪ್‌ಟಾಪ್ ಆಗಲಿ, ಒಂದೇ ಒಂದು ಮುಖ್ಯ ಫೋಲ್ಡರ್ ಇರಲಿ. ಅದರೊಳಗೆ ನಮ್ಮ ಮನೆಯಲ್ಲಿ ಇರುವುದು ಇಷ್ಟೇ:

00-ಜಗಲಿ
10-ಮನೆಮಂದಿ
20-ಜಮೀನು
30-ಹಣ
40-ಆರೋಗ್ಯ
50-ವಾಹನ-ಯಂತ್ರ
60-ಫೋಟೊ
90-ಅಟ್ಟ

ಮುಂದೆ ಅಂಕಿ ಹಾಕಿದ್ದು ಈ ಸಾಲು ಯಾವಾಗಲೂ ಇದೇ ಕ್ರಮದಲ್ಲಿ ಕಾಣಲಿ ಅಂತ. ಹೊಸದಾಗಿ ಬಂದ ಫೈಲು ಮೊದಲು ಜಗಲಿಯಲ್ಲಿ ಕೂರುತ್ತದೆ. ಬಂದವರು ಜಗಲಿಯಲ್ಲಿ ಕೂತು ಆಮೇಲೆ ಒಳಗೆ ಬರುವ ಹಾಗೆ. ಹೆಸರು ಸಿಕ್ಕ ಮೇಲಷ್ಟೇ ಅದಕ್ಕೆ ಒಳಗೆ ಜಾಗ. ಅವಧಿ ಮುಗಿದ ವಿಮೆ, ಮಾರಿದ ಬೈಕಿನ ಕಾಗದ ಇಂಥವು ಅಟ್ಟಕ್ಕೆ. ಬಿಸಾಡಲು ಮನಸ್ಸು ಬಾರದ್ದನ್ನೆಲ್ಲ ಅಲ್ಲಿ ಹಾಕಿ, ಕಣ್ಣೆದುರು ಇರುವುದಿಲ್ಲ, ಹೋಗಿಯೂ ಇರುವುದಿಲ್ಲ.

ಫೋಲ್ಡರಿನೊಳಗೆ ಇನ್ನೊಂದು ಮೆಟ್ಟಿಲು ಬೇಕಾದರೆ ಮಾಡಿ. ಮೂರನೆಯದು ಬೇಡ.

ಹೆಸರಿಡುವುದೇ ಅರ್ಧ ಕೆಲಸ

ನಾವು ಬಳಸುವ ಸಾಲು ಹೀಗಿದೆ: ತಾರೀಕು, ಏನು, ಯಾರದು ಅಥವಾ ಯಾವುದರದು, ನಂಬರ್ ಇದ್ದರೆ ನಂಬರ್.

2021-03-09_ಪಹಣಿ_ಬಾವಿಹೊಲ_45-2
2023-11-20_ಶುಗರ್-ರಿಪೋರ್ಟ್_ಅಪ್ಪ
2022-06-00_ಡ್ರಿಪ್-ಬಿಲ್_ಹಿಪ್ಪುನೇರಳೆತೋಟ

ತಾರೀಕನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಬರೆಯಿರಿ. ಹೀಗೆ ಬರೆದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದಾಗ ಹಳೆಯದು ಹೊಸದು ತಾನಾಗಿಯೇ ಸಾಲಾಗುತ್ತದೆ. ನಾವು ಸಾಮಾನ್ಯವಾಗಿ ಬರೆಯುವ ಹಾಗೆ ದಿನ ಮೊದಲು ಬರೆದರೆ 2015ರ ಮಾರ್ಚ್ 1 ಮತ್ತು 2024ರ ಜನವರಿ 1 ಅಕ್ಕಪಕ್ಕ ಬಂದು ಕೂರುತ್ತವೆ. ದಿನ ಗೊತ್ತಿಲ್ಲದಿದ್ದರೆ 00 ಹಾಕಿ. ಅಂಕಿಗಳು 1, 2, 3 ಆಗಿಯೇ ಇರಲಿ. ಕನ್ನಡ ಅಂಕಿ ನನಗೆ ಬಹಳ ಇಷ್ಟ, ಆದರೆ ಎರಡನ್ನೂ ಬೆರೆಸಿದರೆ ಸಾಲು ಒಡೆಯುತ್ತದೆ.

ತಾರೀಕು ಅಂದರೆ ಕಾಗದದ ಮೇಲಿರುವ ತಾರೀಕು. ಫೋಟೊ ತೆಗೆದದ್ದಲ್ಲ, ವಾಟ್ಸಾಪಿಗೆ ಬಂದದ್ದೂ ಅಲ್ಲ.

ಹೆಸರು ಕನ್ನಡದಲ್ಲಿ ಇಡಬಹುದಾ ಅಂತ ಕೆಲವರು ಕೇಳುತ್ತಾರೆ. ಧಾರಾಳವಾಗಿ ಇಡಬಹುದು. ವಿಂಡೋಸ್, ಆಂಡ್ರಾಯ್ಡ್, ಗೂಗಲ್ ಡ್ರೈವ್ ಎಲ್ಲವೂ ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಈಗಿನ ಅಕ್ಷರ ಪದ್ಧತಿ) ಕನ್ನಡವನ್ನು ಒಪ್ಪುತ್ತವೆ. ಎರಡು ಎಚ್ಚರಿಕೆ ಬೇಕು. ಒಂದು, ಆಂಡ್ರಾಯ್ಡ್ ಫೋನಿನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ ಮೂರು ಮೂರು ಬೈಟ್ ಹೋಗುತ್ತದೆ. ಅಂದರೆ ಸುಮಾರು 85 ಗುರುತು ಸಿಗುತ್ತವೆ, ಒತ್ತಕ್ಷರ ಇದ್ದರೆ ಇನ್ನೂ ಬೇಗ ಮುಗಿಯುತ್ತದೆ. ಹೆಸರು ಚಿಕ್ಕದಾಗಿರಲಿ. ಎರಡು, ಅರ್ಜಿ ಹಾಕುವ ಕೆಲವು ಜಾಲತಾಣಗಳು ಕನ್ನಡ ಹೆಸರಿನ ಫೈಲ್ ಸೇರಿಸಲು ಬಿಡುವುದಿಲ್ಲ. ಆಗ ಒಂದು ಪ್ರತಿ ಮಾಡಿ, ಆ ಪ್ರತಿಗೆ ಮಾತ್ರ ಇಂಗ್ಲಿಷ್ ಹೆಸರು ಕೊಟ್ಟು ಸೇರಿಸಿ.

ಯಾರದು ಅನ್ನುವ ಜಾಗದಲ್ಲಿ ನಿಮ್ಮ ಮನೆಯವರ ಹೆಸರನ್ನೇ ಹಾಕಿ. ಈ ಬರಹದಲ್ಲಿ ನಮ್ಮ ಮನೆಯವರ ಹೆಸರು ಬೇಡ ಅಂತ ಮಾತ್ರ ನಾನು ‘ಅಪ್ಪ’ ಎಂದು ಬರೆದಿದ್ದೇನೆ. ನನಗೆ ಅಪ್ಪ ಆದವರು ನನ್ನ ಮಗಳಿಗೆ ತಾತ. ನಾಳೆ ಅವಳು ಹುಡುಕಿದರೆ ‘ಅಪ್ಪ’ ಎಂದು ಹೊಡೆದು ನನ್ನ ಕಾಗದಗಳಿಗೆ ಕಾಯುತ್ತಾಳೆ.

ಒಂದು ವಸ್ತುವಿಗೆ ಒಂದೇ ಪದ ಎಂದು ನಿಶ್ಚಯಿಸಿ, ಆ ಪದಗಳ ಪಟ್ಟಿ ಬರೆದಿಟ್ಟುಕೊಳ್ಳಿ. ಪಹಣಿ ಅಂತ ಒಂದು ಕಡೆ, ಆರ್‌ಟಿಸಿ ಅಂತ ಇನ್ನೊಂದು ಕಡೆ ಬರೆದರೆ ಅರ್ಧವೇ ಸಿಗುತ್ತದೆ. ಖಾತೆ ಮತ್ತು ಖಾತಾ, ಋಣಭಾರ ಪತ್ರ ಮತ್ತು ಇಸಿ, ಅಂಕಪಟ್ಟಿ ಮತ್ತು ಮಾರ್ಕ್ಸ್ ಕಾರ್ಡ್ ಕೂಡ ಹೀಗೇ. ನಿಮ್ಮ ಮನೆಯಲ್ಲಿ ಯಾವುದನ್ನು ಜಾಸ್ತಿ ಹೇಳುತ್ತಾರೋ ಅದನ್ನೇ ಇಡಿ. ನಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲೇ ನಡೆಯುತ್ತದೆ. ಅಮ್ಮ ಹೊಲಕ್ಕೆ ಹೇಳುವ ಹೆಸರೂ ತೆಲುಗಿನದೇ. ಅದನ್ನೂ ಕನ್ನಡ ಅಕ್ಷರದಲ್ಲಿ ಪದಪಟ್ಟಿಗೆ ಸೇರಿಸಿದೆ.

ಜಮೀನಿನ ಕಾಗದಕ್ಕೆ ಜಾಸ್ತಿ ತಾಳ್ಮೆ ಬೇಕು

ಇದರಲ್ಲಿ ನಾನು ಹೆಚ್ಚು ದಿನ ಕಳೆದೆ. ಕಾರಣ, ಒಂದೇ ಹೊಲಕ್ಕೆ ಹಲವು ಹೆಸರಿರುತ್ತವೆ.

ಮೊದಲನೆಯದು ಸರ್ವೆ ನಂಬರ್. ಪೋಡಿ (ಜಮೀನನ್ನು ಅಳೆದು ಭಾಗ ಮಾಡುವುದು) ಆಗುವ ಮೊದಲು 45 ಎಂದಿದ್ದದ್ದು ಆಮೇಲೆ 45/1, 45/2 ಆಗುತ್ತದೆ. ಹೊಸ ನಂಬರಿನಿಂದ ಹುಡುಕಿದರೆ ಹಳೆ ಕ್ರಯಪತ್ರ ಸಿಗುವುದಿಲ್ಲ. ಆದ್ದರಿಂದ ಹೆಸರಿನಲ್ಲಿ ಸರ್ವೆ ನಂಬರ್ ಜೊತೆಗೆ ಮನೆಯವರು ಕರೆಯುವ ಹೊಲದ ಹೆಸರೂ ಇರಲಿ. ಬಾವಿ ಹೊಲ, ಹುಣಸೆಮರದ ಹೊಲ, ಕೆರೆ ಕೆಳಗಿನ ಗದ್ದೆ. ಪೋಡಿಯಾದರೂ ಖಾತೆ ಬದಲಾದರೂ ಈ ಹೆಸರು ಬದಲಾಗುವುದಿಲ್ಲ.

45/2 ಎಂಬುದರಲ್ಲಿರುವ ಓರೆಗೆರೆಯನ್ನು ಫೈಲಿನ ಹೆಸರಿನಲ್ಲಿ ಬಳಸಲು ಆಗುವುದಿಲ್ಲ. ವಿಂಡೋಸ್ ಒಪ್ಪದ ಗುರುತುಗಳು ಒಂಬತ್ತು: ಎರಡು ಬಗೆಯ ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನೆ ಗುರುತು, ಜೋಡಿ ಉದ್ಧರಣ ಚಿಹ್ನೆ, ಎರಡು ಕೋನದ ಗುರುತು, ನೆಟ್ಟ ಗೆರೆ. ಅದಕ್ಕೇ ಮೇಲಿನ ಉದಾಹರಣೆಯಲ್ಲಿ 45-2 ಎಂದು ಬರೆದೆ.

ಎರಡನೆಯದು ಜಿಲ್ಲೆ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ‘ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು’ ಎಂದೇ ಇರುತ್ತದೆ. ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಗುಡಿಬಂಡೆಯವರಿಗೂ ಇದೇ ಮಾತು. ಚೇಳೂರು, ಮಂಚೇನಹಳ್ಳಿ ಈಚೆಗೆ ತಾಲ್ಲೂಕುಗಳಾದವು, ಅಲ್ಲಿನವರಿಗೆ ತಾಲ್ಲೂಕಿನ ಹೆಸರೂ ಎರಡೆರಡು. ಕಾಗದದೊಳಗಿನ ಅಕ್ಷರ ಹುಡುಕುವಾಗ ಎರಡನ್ನೂ ಹೊಡೆದು ನೋಡಿ. ತುಮಕೂರಿನಲ್ಲಿರುವ ನಮ್ಮ ಭಾವನ ಮನೆಯಲ್ಲಿ ಬೇರೆ ರೀತಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಅದರಲ್ಲಿ ತುಮಕೂರೂ ಇತ್ತು. ಹಾಗಾಗಿ ಹಳೆಯ ಬ್ಯಾಂಕ್ ಪತ್ರಗಳಲ್ಲಿ ಒಂದು ಕಾಗುಣಿತ, ಹೊಸದರಲ್ಲಿ ಇನ್ನೊಂದು.

ಮೂರನೆಯದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಅಕ್ಷರ. ನಮ್ಮ ವಿಭಾಗಪತ್ರದ ಕರಡನ್ನು ಬಹಳ ವರ್ಷಗಳ ಹಿಂದೆ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ್ದೆವು. ಫೈಲ್ ಇತ್ತು, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು. ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ! ಹಳೆಯ ನುಡಿ, ಬರಹ ಅಕ್ಷರಶೈಲಿಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಕನ್ನಡದಲ್ಲಿ ‘ವಿಭಾಗ’ ಅಂತ ಹೊಡೆದರೆ ಅದು ಯಾವತ್ತೂ ಸಿಗುವುದಿಲ್ಲ. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಯೂನಿಕೋಡಿಗೆ ಬದಲಿಸುವ ಸಾಧನ ಬರುತ್ತದೆ. ಬದಲಿಸಿ, ಒಮ್ಮೆ ಓದಿ ನೋಡಿ (ಒತ್ತಕ್ಷರ, ಅರ್ಕಾವೊತ್ತು ಕೆಲವು ಕಡೆ ತಪ್ಪುತ್ತವೆ), ಹಳೆಯದನ್ನೂ ಹೊಸದನ್ನೂ ಇಟ್ಟುಕೊಳ್ಳಿ.

ಪಹಣಿಯನ್ನು ಇಡುವಾಗ ಕಾಲಂ 10 ನೋಡಿ. ಹಕ್ಕು ಹೇಗೆ ಬಂತು ಎನ್ನುವುದು ಅಲ್ಲಿರುತ್ತದೆ, ಜೊತೆಗೆ ಮ್ಯುಟೇಶನ್ (ಖಾತೆ ಬದಲಾವಣೆ) ಎಂ.ಆರ್. ನಂಬರ್ ಸಿಗುತ್ತದೆ. ಆ ನಂಬರನ್ನು ಮುಂದೆ ಹೇಳುವ ಸೂಚಿಯಲ್ಲಿ ಬರೆದಿಟ್ಟುಕೊಂಡರೆ ಪಹಣಿಯಿಂದ ಮ್ಯುಟೇಶನ್ ಪ್ರತಿಗೆ, ಅಲ್ಲಿಂದ ಕ್ರಯಪತ್ರಕ್ಕೆ ಸಲೀಸಾಗಿ ಹೋಗಬಹುದು. ಬ್ಯಾಂಕಿನವರು ಹೊಸ ಪಹಣಿಯನ್ನೇ ಕೇಳುತ್ತಾರೆ ನಿಜ. ಆದರೂ ಹಳೆಯದನ್ನು ಎಸೆಯಬೇಡಿ. ಯಾವ ವರ್ಷ ಯಾರು ಸಾಗುವಳಿ ಮಾಡುತ್ತಿದ್ದರು, ಏನು ಬೆಳೆದಿದ್ದರು ಅನ್ನುವುದು ಕಾಲಂ 12ರಲ್ಲಿ ಇರುತ್ತದೆ. ತಕರಾರು ಬಂದಾಗ ಅದೇ ಬೇಕಾಗುತ್ತದೆ.

ಸ್ಕ್ಯಾನ್ ಮಾಡುವಾಗ

ಸುಮ್ನೆ ಕ್ಯಾಮೆರಾದಲ್ಲಿ ಫೋಟೊ ತೆಗೆಯಬೇಡಿ. ಗೂಗಲ್ ಡ್ರೈವ್ ಆ್ಯಪಿನಲ್ಲೇ ಸ್ಕ್ಯಾನ್ ಇದೆ. ಅಂಚು ನೇರ ಮಾಡುತ್ತದೆ, ಹಲವು ಪುಟಗಳನ್ನು ಒಂದೇ ಪಿಡಿಎಫ್ ಮಾಡುತ್ತದೆ. ಹಗಲಿನಲ್ಲಿ ಕಿಟಕಿ ಪಕ್ಕ ಕಾಗದ ಇಟ್ಟರೆ ನೆರಳು ಬೀಳುವುದಿಲ್ಲ. ಕಾಗದದ ಹಿಂಬದಿ ಮರೆಯಬೇಡಿ. ಕ್ರಯಪತ್ರದ ಹಿಂದಿನ ನೋಂದಣಿ ಮುದ್ರೆ, ನಂಬರ್ ಎಷ್ಟೋ ಸಲ ಮುಂದಿನ ಪುಟಕ್ಕಿಂತ ಮುಖ್ಯ. ಸ್ಕ್ಯಾನರ್ ಯಂತ್ರ ಇದ್ದರೆ 300 ಡಿಪಿಐ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) ಇಡಿ.

ಕಾಗದದ ಒಳಗಿನ ಅಕ್ಷರವೂ ಹುಡುಕಲು ಸಿಗಬೇಕಾದರೆ ಒಂದು ಉಪಾಯ ಇದೆ. ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ಪಿಡಿಎಫ್ ಮೇಲೆ ಬಲ ಕ್ಲಿಕ್ ಮಾಡಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಅಚ್ಚಿನ ಕನ್ನಡವನ್ನು ಓದಿ ಅಕ್ಷರವಾಗಿ ಕೊಡುತ್ತದೆ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶವೂ ಕನ್ನಡ ಓದುತ್ತದೆ. ಕೈಬರಹದ ಹಳೆ ಪಹಣಿಗೆ ಮಾತ್ರ ಇವನ್ನು ನಂಬಬೇಡಿ. ಅಂಥವಕ್ಕೆ ನೀವೇ ಓದಿ ನಾಲ್ಕೈದು ಪದಗಳನ್ನು ಸೂಚಿಯಲ್ಲಿ ಬರೆಯಬೇಕು.

ಇನ್ನು ವಾಟ್ಸಾಪ್. ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಹೇಗಿದೆಯೋ ಹಾಗೇ ಹೋಗುತ್ತದೆ, ನೀವಿಟ್ಟ ಹೆಸರೂ ಜೊತೆಗೆ ಹೋಗುತ್ತದೆ. ಮನೆಯವರಿಗೆಲ್ಲ ಇದೊಂದನ್ನು ಹೇಳಿಕೊಡಿ.

ಸೂಚಿ

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ. ಕಾಲಂಗಳು: ಏನು, ಯಾರದು, ನಂಬರ್, ಬೇರೆ ಹೆಸರುಗಳು, ಮೂಲ ಕಾಗದ ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ. ಪ್ರತಿ ಫೈಲಿಗೂ ಒಂದು ಸಾಲು ಬರೆಯಲು ಹೋಗಬೇಡಿ, ಯಾರಿಗೂ ಆಗುವ ಕೆಲಸವಲ್ಲ. ಬಹಳ ಮುಖ್ಯವಾದ ಐವತ್ತು ಅರವತ್ತು ದಾಖಲೆಗಳಿಗೆ ಸಾಕು.

ಇದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಮೂಲ ಕಾಗದ ಎಲ್ಲಿದೆ’ ಎಂಬ ಕಾಲಂ. ‘ಬೀರು, ಮೇಲಿನ ಖಾನೆ, ನೀಲಿ ಫೈಲು’, ‘ತಾತನ ಟ್ರಂಕು’, ‘ಬ್ಯಾಂಕಿನಲ್ಲಿ ಸಾಲಕ್ಕೆ ಇಟ್ಟಿದೆ’. ನೋಂದಣಿ ಕಚೇರಿಗೆ, ಬ್ಯಾಂಕಿಗೆ ಎಷ್ಟೋ ಸಲ ಮೂಲವೇ ಬೇಕು. ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದ್ದರೂ ಅಲ್ಲಿ ನಡೆಯುವುದಿಲ್ಲ.

‘ಬೇರೆ ಹೆಸರುಗಳು’ ಎಂಬ ಕಾಲಂನಲ್ಲಿ ಮೇಲೆ ಹೇಳಿದ ಆರ್‌ಟಿಸಿ, ಹಳೆ ಸರ್ವೆ ನಂಬರ್, ಹಳೆ ಜಿಲ್ಲೆ ಎಲ್ಲ ಬರಲಿ. ಆಧಾರಿನಲ್ಲಿ ಒಂದು ರೀತಿ, ಪಹಣಿಯಲ್ಲಿ ಇನ್ನೊಂದು ರೀತಿ ಹೆಸರಿದ್ದರೆ ಎರಡನ್ನೂ ಇಲ್ಲಿ ಬರೆಯಿರಿ.

ಆಧಾರ್, ಪಾನ್, ಚಾಲನಾ ಪರವಾನಗಿ, ಆರ್‌ಸಿ ಇಂಥವು 2015ರಲ್ಲಿ ಬಂದ ಸರ್ಕಾರಿ ಆ್ಯಪ್ ಡಿಜಿಲಾಕರಿನಲ್ಲಿ ಇರಲಿ. ಅದರಲ್ಲಿ ನೇರವಾಗಿ ಇಲಾಖೆಯಿಂದ ಬಂದ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೆ ಆ ಬೆಲೆ ಇಲ್ಲ, ಇದನ್ನು ಗಮನದಲ್ಲಿಡಿ. ಇಳಿಸಿಕೊಂಡ ಇ-ಆಧಾರ್ ಪಿಡಿಎಫಿಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ. ಲಾಡ್ಜಿನವರು, ಸಿಮ್ ಅಂಗಡಿಯವರು ಹೀಗೆ ಸಿಕ್ಕಸಿಕ್ಕವರು ಕೇಳಿದಾಗ ಕೊಡಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬೇರೆಯಾಗಿ ಇಟ್ಟುಕೊಳ್ಳಿ.

ಫೋಟೊ

ಸಾವಿರಾರು ಫೋಟೊಗಳಿಗೆ ಹೆಸರಿಡುವ ಹುಚ್ಚು ಬೇಡ. ಗೂಗಲ್ ಫೋಟೋಸ್ ಮುಖ, ಜಾಗ, ದಿನ ನೋಡಿ ಹುಡುಕಿಕೊಡುತ್ತದೆ. ನಿಮ್ಮ ಸಮಯವನ್ನು ಆಲ್ಬಮ್ಮಿನ ಹಳೆ ಫೋಟೊಗಳಿಗೆ ಕೊಡಿ. ಕೈವಾರಕ್ಕೆ ಹೋದಾಗ ತೆಗೆಸಿದ ಒಂದು ಕಪ್ಪು ಬಿಳುಪು ಫೋಟೊದಲ್ಲಿ ಹನ್ನೊಂದು ಜನ ಇದ್ದಾರೆ. ಅದರಲ್ಲಿ ಏಳು ಜನರ ಹೆಸರು ಅಮ್ಮನಿಗೆ ಗೊತ್ತು. ಉಳಿದವರನ್ನು ಗುರುತಿಸುತ್ತಿದ್ದವರು ತಾತ ಒಬ್ಬರೇ, ನಾವು ಕೇಳಿರಲಿಲ್ಲ. ಮನೆಯ ಹಿರಿಯರನ್ನು ಈ ವಾರವೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಫೋಟೊ ಕೈಗೆ ಕೊಟ್ಟು, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಆಡಿಯೊ ಫೈಲಿಗೂ ಫೋಟೊಗೂ ಒಂದೇ ಹೆಸರಿಡಿ: 1985-00-00_ಕೈವಾರ_ಮನೆಯವರು. ವರ್ಷ ಅಂದಾಜಾದರೆ ಕೊನೆಯಲ್ಲಿ ‘ಸುಮಾರು’ ಅಂತ ಸೇರಿಸಿ.

ಮೂರು ಪ್ರತಿ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನಮ್ಮದು ಲ್ಯಾಪ್‌ಟಾಪ್, ಹಾರ್ಡ್‌ಡಿಸ್ಕ್, ಗೂಗಲ್ ಡ್ರೈವ್. ಡ್ರೈವಿನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದನ್ನು ಜಿಮೇಲ್ ಮತ್ತು ಗೂಗಲ್ ಫೋಟೋಸ್ ಕೂಡ ಹಂಚಿಕೊಳ್ಳುತ್ತವೆ. ದಾಖಲೆಗಳಿಗೆ ಇದು ಧಾರಾಳ ಸಾಕು, ವಿಡಿಯೊ ತುಂಬಿಸಬೇಡಿ. ಪೆನ್‌ಡ್ರೈವನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಇರುವುದು.

ಹಳ್ಳಿಯಲ್ಲಿ, ಕಚೇರಿಗಳ ಒಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಬಹಳ ಸಲ ಬೇಕಾಗುವ ಇಪ್ಪತ್ತು ಫೈಲುಗಳನ್ನು ಡ್ರೈವ್ ಆ್ಯಪಿನಲ್ಲಿ ಆಫ್‌ಲೈನ್ ಸಿಗುವಂತೆ ಗುರುತು ಮಾಡಿಡಿ. ಬ್ಯಾಂಕಿನ ಪಾಸ್‌ವರ್ಡುಗಳನ್ನು ಮಾತ್ರ ಸೂಚಿಯಲ್ಲಿ ಬರೆಯಲೇಬೇಡಿ. ಅದಕ್ಕೆ ಬಿಟ್‌ವಾರ್ಡನ್, ಕೀಪಾಸ್ ತರಹದ ಬೇರೆ ತಂತ್ರಾಂಶಗಳಿವೆ.

ಬೇರೆಯವರಿಂದ ಹುಡುಕಿಸಿ ನೋಡಿ

ಎಲ್ಲ ಆದ ಮೇಲೆ ಜೋಡಿಸಿದವರು ಪರೀಕ್ಷೆ ಮಾಡಿಕೊಂಡರೆ ಪ್ರಯೋಜನ ಇಲ್ಲ. ಮೊದಲ ನೋಟ್‌ಬುಕ್ ತೆಗೆದು, ಅದರಲ್ಲಿದ್ದ ಮಾತುಗಳನ್ನು ಮನೆಯ ಇನ್ನೊಬ್ಬರಿಗೆ ಹೇಳಿ, ಫೋನ್ ಅವರ ಕೈಗೆ ಕೊಡಿ. ಅರ್ಧ ನಿಮಿಷ ಸಮಯ. ಅಮ್ಮ ‘ಬಾವಿ ಹೊಲ’ ಅಂತ ಹೊಡೆದಳು, ಏನೂ ಬರಲಿಲ್ಲ. ನಾನು ‘ಬಾವಿಹೊಲ’ ಎಂದು ಸೇರಿಸಿ ಬರೆದಿದ್ದೆ. ಅವತ್ತೇ ಹೊಲದ ಫೈಲುಗಳಿಗೆಲ್ಲ ‘ಬಾವಿ-ಹೊಲ’ ಎಂದು ಹೆಸರು ಬದಲಿಸಿದೆ. ಮೇಲಿನ ಉದಾಹರಣೆಯನ್ನೂ ಹಾಗೇ ತಿದ್ದಿಕೊಳ್ಳಿ. ಈಗ ಬರೀ ‘ಬಾವಿ’ ಎಂದರೂ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಎವೆರಿಥಿಂಗ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಎರಡು ಅಕ್ಷರ ಹೊಡೆಯುವಷ್ಟರಲ್ಲಿ ಫೈಲ್ ಹೆಸರುಗಳು ಬಂದು ನಿಲ್ಲುತ್ತವೆ.

ಭಾನುವಾರ ಹದಿನೈದು ನಿಮಿಷ ಜಗಲಿ ಖಾಲಿ ಮಾಡಲು ಇಡಿ. ಜಾಸ್ತಿ ಬೇಡ.

ಕೊನೆಯದಾಗಿ ಕೀಲಿ ಯಾರ ಹತ್ತಿರ ಇರಬೇಕು ಎನ್ನುವುದು. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಗೂಗಲ್ ಅಳಿಸಬಹುದು. ಖಾತೆಯ ಸೆಟ್ಟಿಂಗಿನಲ್ಲಿ ‘ಇನಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂದು ಇದೆ. ಇಷ್ಟು ತಿಂಗಳು ನಾನು ಖಾತೆ ಮುಟ್ಟದಿದ್ದರೆ ಇವರಿಗೆ ತಿಳಿಸಿ, ಇವಿಷ್ಟನ್ನು ಅವರಿಗೆ ಕೊಡಿ ಎಂದು ಅಲ್ಲಿ ಹೇಳಿಡಬಹುದು. ನಾನು ಅಕ್ಕನ ಹೆಸರು ಕೊಟ್ಟಿದ್ದೇನೆ. ಇದಲ್ಲದೆ, ಮುಖ್ಯ ಪಾಸ್‌ವರ್ಡ್ ಮತ್ತು ಫೋಲ್ಡರುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಬೀರುವಿನ ಮೇಲಿನ ಖಾನೆಯ ನೀಲಿ ಫೈಲಿನಲ್ಲಿ ಇಟ್ಟಿದ್ದೇನೆ. ಅದು ಎಲ್ಲಿದೆ ಎಂದು ಅಮ್ಮನಿಗೂ ತೋರಿಸಿದ್ದೇನೆ.